ಮನೆಯೊಳಗೆ ಬಾವಲಿ ಬಂದ್ರೆ ಏನ್ ಮಾಡ್ಬೇಕು? ರೇಬೀಸ್ ಇಂಜೆಕ್ಷನ್ ಬೇಕಾ, ಬೇಡ್ವಾ?

ಕೋಲಾರ: ಹೋದ ವಾರ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ನಮ್ಮ ವಾಟ್ಸಾಪ್ ನಂಬರ್‌ಗೆ ಒಂದು ವಾಯ್ಸ್ ಮೆಸೇಜ್ ಬಂತು. ಮಾತಾಡಿದವರು ಎಂಟು ತಿಂಗಳ ಮಗುವಿನ ತಾಯಿ. ‘ಅಣ್ಣ, ರಾತ್ರಿ ಮನೇಲಿ ಗಬ್ಬಿಲಂ ಬಂದಿತ್ತು. ಬೆಳಗ್ಗೆ ಎದ್ದು ನೋಡಿದ್ರೆ ಮಗು ಮಲಗಿರೋ ಚಾಪೆ ಪಕ್ಕದಲ್ಲೇ ಬಿದ್ದಿತ್ತು. ಕಚ್ಚಿದೆಯೋ ಇಲ್ವೋ ಗೊತ್ತಾಗ್ತಿಲ್ಲ. ಗೌರ್ನಮೆಂಟ್ ಆಸ್ಪತ್ರೇಲಿ ಬಾವಲಿಗೆಲ್ಲ ಇಂಜೆಕ್ಷನ್ ಇಲ್ಲ ಹೋಗಮ್ಮ ಅಂದ್ರು. ಪ್ರೈವೇಟ್‌ನಲ್ಲಿ ಐದು ಇಂಜೆಕ್ಷನ್ ಹಾಕಿಸ್ಲೇಬೇಕು ಅಂದ್ರು. ಯಾರ ಮಾತು ಕೇಳೋದು?’

ಪ್ರಶ್ನೆ ಚಿಕ್ಕದು. ಉತ್ತರ ಹುಡುಕೋಕೆ ನನಗೆ ನಾಲ್ಕು ದಿನ ಹಿಡಿತು. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಬಿಎಸ್ಸಿ ಎರಡನೇ ವರ್ಷಕ್ಕೇ ಬಿಟ್ಟವನು. ಇಲ್ಲಿ ಬರೆದಿರೋದು ಸರ್ಕಾರದ ಮಾರ್ಗಸೂಚಿ, ವಿಶ್ವ ಆರೋಗ್ಯ ಸಂಸ್ಥೆಯ ನಿಯಮ ಓದಿ, ಗೊತ್ತಿರೋರನ್ನ ಕೇಳಿ ತಿಳ್ಕೊಂಡಿದ್ದು. ಇಂಜೆಕ್ಷನ್ ಬರೆಯೋದು, ಬಿಡೋದು ಡಾಕ್ಟರ ಕೆಲಸ. ಆದ್ರೆ ಡಾಕ್ಟರ ಮುಂದೆ ಕೂತಾಗ ಏನು ಹೇಳ್ಬೇಕು, ಏನು ಕೇಳ್ಬೇಕು ಅನ್ನೋದು ನಮಗೆ ಗೊತ್ತಿರ್ಬೇಕು.

ಮಾವಿನ ಸೀಸನ್ ಬಂದ್ರೆ ನಮ್ಮ ಕಡೆ ಬಾವಲಿ ಜಾಸ್ತಿ ಕಣ್ಣಿಗೆ ಬೀಳುತ್ತೆ. ತೋಟಕ್ಕೆ ಬರೋದು ಹಣ್ಣು ತಿನ್ನೋ ದೊಡ್ಡ ಬಾವಲಿ. ಆಲದ ಮರ, ಹುಣಸೆ ಮರದಲ್ಲಿ ಹಗಲೆಲ್ಲ ತಲೆಕೆಳಗಾಗಿ ನೇತಾಡೋದು ಇದೇ. ಇದು ಮನೆಯೊಳಗೆ ನುಗ್ಗೋದು ಅಪರೂಪ. ಮನೆಗೆ ಬರೋದು ಸಾಮಾನ್ಯವಾಗಿ ಎರಡು ಥರ. ಒಂದು, ಹೆಬ್ಬೆರಳಿನಷ್ಟು ಮೈ ಇರೋ ಪುಟಾಣಿ ಬಾವಲಿ. ಹಂಚಿನ ಸಂದಿ, ಶೀಟ್ ಕೆಳಗೆ, ಗೋಡೆ ಬಿರುಕಿನಲ್ಲಿ ಇರುತ್ತೆ, ಟ್ಯೂಬ್‌ಲೈಟ್ ಸುತ್ತ ಬರೋ ಹುಳ ಹಿಡಿಯೋಕೆ ಒಳಗೆ ಬರುತ್ತೆ. ಇನ್ನೊಂದು, ನಾಯಿ ಮೂತಿಯ ಮಧ್ಯಮ ಗಾತ್ರದ್ದು. ಹಜಾರದಲ್ಲಿ ಬಾಳೆಗೊನೆ ನೇತುಹಾಕಿದ್ರೆ, ಮನೆ ಪಕ್ಕ ಸೀಬೆ ಮರ ಇದ್ರೆ ಇದು ಬರುತ್ತೆ. ರಕ್ತ ಹೀರೋ ಬಾವಲಿ ನಮ್ಮ ದೇಶದಲ್ಲಿ ಇಲ್ಲ. ಅದು ಮೆಕ್ಸಿಕೋ, ದಕ್ಷಿಣ ಅಮೆರಿಕ ಕಡೆ ಮಾತ್ರ ಇರೋದು. ಬಾವಲಿ ಕುರುಡು ಅನ್ನೋದೂ ಸುಳ್ಳು. ಬೇಕಂತ ಬಂದು ಕೂದಲಿಗೆ ಸಿಕ್ಕಿಕೊಳ್ಳುತ್ತೆ ಅನ್ನೋದೂ ಸುಳ್ಳು. ಮನೆಗೆ ಬಾವಲಿ ಬಂದ್ರೆ ಕೇಡು ಅಂತ ಶಾಂತಿ ಮಾಡಿಸೋರೂ ಇದ್ದಾರೆ. ಮಾಡಿಸ್ಲಿ, ಆದ್ರೆ ಅದಕ್ಕೂ ಮುಂಚೆ ಮಾಡಬೇಕಾದ ಕೆಲಸ ಬೇರೆ ಇದೆ.

ಇಬ್ಬರು ಡಾಕ್ಟರು ಎರಡು ಥರ ಹೇಳೋದು ಯಾಕೆ?

ನನಗೆ ಮೊದಲು ಅನಿಸಿದ್ದು, ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದ್ದಾರೆ ಅಂತ. ಸರ್ಕಾರಿಯವರು ಕೈತೊಳ್ಕೊಳ್ತಿದ್ದಾರೆ, ಇಲ್ಲಾಂದ್ರೆ ಪ್ರೈವೇಟ್‌ನವರು ದುಡ್ಡಿಗೆ ಹೇಳ್ತಿದ್ದಾರೆ. ಓದಿದ ಮೇಲೆ ಗೊತ್ತಾಯ್ತು, ಇಬ್ಬರ ಮಾತಿಗೂ ಆಧಾರ ಇದೆ.

ನಮ್ಮ ದೇಶದ ರೇಬೀಸ್ ಮಾರ್ಗಸೂಚಿ ಹೇಳೋದು, ಭಾರತದಲ್ಲಿ ಬಾವಲಿಯಿಂದ ರೇಬೀಸ್ ಬರುತ್ತೆ ಅನ್ನೋದು ಖಚಿತವಾಗಿ ಸಾಬೀತಾಗಿಲ್ಲ, ಹಾಗಾಗಿ ಬಾವಲಿ ತಾಗಿದ್ದಕ್ಕೆಲ್ಲ ಮಾಮೂಲಾಗಿ ಲಸಿಕೆ ಬೇಕಿಲ್ಲ ಅಂತ. ಪಿಎಚ್‌ಸಿಯವರು ಹೇಳಿದ್ದು ಇದನ್ನೇ. ವಿಶ್ವ ಆರೋಗ್ಯ ಸಂಸ್ಥೆ ಮಾತ್ರ ಬಾವಲಿ ನೇರವಾಗಿ ಮೈಗೆ ತಾಗಿದ್ದನ್ನ ಮೂರನೇ ಕೆಟಗರಿ ಅನ್ನುತ್ತೆ. ಮೂರನೇ ಕೆಟಗರಿ ಅಂದ್ರೆ ಅತಿ ಹೆಚ್ಚು ಅಪಾಯದ್ದು, ಹುಚ್ಚುನಾಯಿ ರಕ್ತ ಬರೋ ಹಾಗೆ ಕಚ್ಚಿದ್ದಕ್ಕೆ ಸಮ. ಅದಕ್ಕೆ ಲಸಿಕೆ ಜೊತೆ ಸೀರಂ ಕೂಡ ಕೊಡಬೇಕು. ಪ್ರೈವೇಟ್ ಡಾಕ್ಟರು ಹೇಳಿದ್ದು ಇದನ್ನ.

ಈ ವ್ಯತ್ಯಾಸಕ್ಕೆ ಕಾರಣ ಆಯಾ ದೇಶದ ಅನುಭವ. ಅಮೆರಿಕದಲ್ಲಿ ಬೀದಿನಾಯಿ ರೇಬೀಸ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, 2007ರಲ್ಲೇ ನಾಯಿಯಿಂದ ನಾಯಿಗೆ ಹರಡೋ ರೇಬೀಸ್ ಮುಗೀತು ಅಂತ ಘೋಷಿಸಿದ್ರು. ಅಲ್ಲಿ ಒಳಗೇ ರೇಬೀಸ್ ತಗುಲಿ ಸಾಯೋ ಬೆರಳೆಣಿಕೆ ಜನರಲ್ಲಿ ಹೆಚ್ಚಿನವರಿಗೆ ಅದು ಬಂದಿರೋದು ಬಾವಲಿಯಿಂದ. ರಾತ್ರಿ ಎರಡು ಗಂಟೆಗೆ ಮೊಬೈಲ್‌ನಲ್ಲಿ ‘ಬಾವಲಿ ಮನೆಯೊಳಗೆ’ ಅಂತ ಹುಡುಕಿದ್ರೆ ಮೊದಲು ಬರೋದು ಅಮೆರಿಕದವರು ಬರೆದಿದ್ದೇ. ಅದನ್ನ ಓದಿ ನಮ್ಮವರು ಬೆವರ್ತಾರೆ. ನಮ್ಮಲ್ಲಿ ಕಥೆ ಉಲ್ಟಾ. ಪ್ರಪಂಚದ ರೇಬೀಸ್ ಸಾವುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು, ಅಂದ್ರೆ ಶೇ 36ರಷ್ಟು ಭಾರತದಲ್ಲೇ ಆಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಹೆಚ್ಚುಕಮ್ಮಿ ಎಲ್ಲಾ ನಾಯಿಯಿಂದ.

ಹಾಗಾದ್ರೆ ನಮ್ಮ ಬಾವಲಿಗಳು ಪೂರ್ತಿ ಸೇಫ್ ಅಂತಾನಾ? ಹಾಗೆ ಎದೆ ತಟ್ಟಿ ಹೇಳೋಕಾಗಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಬೇರೆಯವರ ಜೊತೆ ಸೇರಿ ನಾಗಾಲ್ಯಾಂಡ್‌ನ ಬಾವಲಿಗಳನ್ನ ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದ್ರು. ಬಾವಲಿಗಳ ಮೆದುಳಿನಲ್ಲಿ ವೈರಸ್ ಸಿಗ್ಲಿಲ್ಲ. ಆದ್ರೆ ಕೆಲವು ಬಾವಲಿಗಳ ರಕ್ತದಲ್ಲಿ ರೇಬೀಸ್ ಥರದ ವೈರಸ್ ವಿರುದ್ಧ ಹುಟ್ಟೋ ಪ್ರತಿಕಾಯಗಳು ಸಿಕ್ಕವು. ಅಂದ್ರೆ ಯಾವಾಗಲೋ ಅಂಥ ವೈರಸ್ ಅವುಗಳ ಮೈಗೆ ಬಂದು ಹೋಗಿರಬಹುದು. ಪಕ್ಕದ ಶ್ರೀಲಂಕಾದ್ದು ಇನ್ನೂ ಹತ್ತಿರದ ವಿಷಯ. ಕ್ಯಾಂಡಿ ಹತ್ತಿರದ ಗನ್ನೊರುವ ಅನ್ನೋ ಕಡೆ 2015ರಲ್ಲಿ ಸಿಕ್ಕ ಬಾವಲಿಗಳಲ್ಲಿ ರೇಬೀಸ್ ವೈರಸ್‌ನ ದಾಯಾದಿಯಂಥ ಒಂದು ಹೊಸ ವೈರಸ್ ಪತ್ತೆಯಾಯ್ತು. ಆ ಬಾವಲಿ ಯಾವ ಜಾತಿ ಅಂದ್ರೆ, ನಮ್ಮೂರ ಆಲದ ಮರದಲ್ಲಿ ನೇತಾಡೋ ದೊಡ್ಡ ಬಾವಲಿ ಜಾತಿಯೇ. ಆಸ್ಟ್ರೇಲಿಯಾದಲ್ಲಿ ಇದೇ ಗುಂಪಿನ ಇನ್ನೊಂದು ವೈರಸ್‌ನಿಂದ 1996ರಿಂದ ಈಚೆಗೆ ಕೆಲವರು ಸತ್ತಿದ್ದಾರೆ.

ಹೀಗಾಗಿ ನನ್ನ ತಿಳಿವಳಿಕೆ ಇಷ್ಟು. ನಮ್ಮ ದೇಶದಲ್ಲಿ ಬಾವಲಿ ರೇಬೀಸ್ ಸಾಧ್ಯತೆ ಬಹಳ ಕಡಿಮೆ, ಆದ್ರೆ ಸೊನ್ನೆ ಅಂತ ಯಾರೂ ಸಾಬೀತು ಮಾಡಿಲ್ಲ. ರೇಬೀಸ್ ಲಕ್ಷಣ ಒಂದು ಸಲ ಶುರುವಾದ್ರೆ ಉಳಿಯೋರು ಇಲ್ಲ ಅನ್ನೋಷ್ಟು ಕಮ್ಮಿ. ಲಸಿಕೆಯಿಂದ ಆಗೋ ತೊಂದರೆ ಅಂದ್ರೆ ಕೈ ನೋವು, ಸ್ವಲ್ಪ ಜ್ವರ. ಎರಡನ್ನೂ ತಕ್ಕಡೀಲಿಟ್ಟು ನೋಡಿ. ನಿಜವಾಗಿ ಕಚ್ಚಿದ್ರೆ, ಪರಚಿದ್ರೆ, ‘ಬಾವಲಿಗೆ ಇಂಜೆಕ್ಷನ್ ಇಲ್ಲ’ ಅನ್ನೋ ಒಂದು ಮಾತಿಗೆ ವಾಪಸ್ ಬರಬೇಡಿ. ಡಾಕ್ಟರನ್ನೇ ನೋಡ್ತೀನಿ ಅನ್ನಿ, ಬಾಗಿಲಲ್ಲಿ ಚೀಟಿ ಬರೆಯೋರ ಮಾತು ಕೊನೆ ಮಾತಲ್ಲ.

ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಬಾವಲಿ ಮನೆಯೊಳಗೆ ಎರಡು ಸುತ್ತು ಹೊಡೆದು ಹೊರಗೆ ಹೋಯ್ತು, ಯಾರಿಗೂ ತಾಗಿಲ್ಲ, ಎಲ್ಲರೂ ಎಚ್ಚರ ಇದ್ರು. ಏನೂ ಮಾಡಬೇಕಿಲ್ಲ. ಅದರ ಹಿಕ್ಕೆ ನೆಲದ ಮೇಲೆ ಬಿತ್ತು, ಉಚ್ಚೆ ಬಟ್ಟೆ ಮೇಲೆ ಬಿತ್ತು. ಅದರಿಂದ ರೇಬೀಸ್ ಬರಲ್ಲ. ಹಿಕ್ಕೆ ಒಣಗಿದ್ರೆ ಧೂಳೇಳದ ಹಾಗೆ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಕೊಂಡು ಗುಡಿಸಿ, ಅಷ್ಟೇ. ಬಾವಲಿ ಕಚ್ಚಿ ಬಿಟ್ಟ ಹಣ್ಣು ತಿನ್ನಬೇಡಿ, ಆದ್ರೆ ಅದು ರೇಬೀಸ್‌ಗಲ್ಲ, ನಿಫಾ ಭಯಕ್ಕೆ. 2018ರಲ್ಲಿ ಕೇರಳದ ಕೋಯಿಕ್ಕೋಡ್, ಮಲಪ್ಪುರಂ ಕಡೆ ನಿಫಾ ಬಂದಾಗ ಎಲ್ಲಾ ಕಡೆ ಬಾವಲಿ ಹೆಸರು ಕೆಟ್ಟಿದ್ದು ನೆನಪಿರಬೇಕು. ಎರಡೂ ಬೇರೆ ಬೇರೆ ಕಾಯಿಲೆ, ಬರೋ ದಾರಿನೂ ಬೇರೆ. ರೇಬೀಸ್‌ಗೆ ಕಚ್ಚಬೇಕು, ಪರಚಬೇಕು, ಇಲ್ಲಾ ಅದರ ಜೊಲ್ಲು ನಮ್ಮ ಗಾಯಕ್ಕೋ ಕಣ್ಣಿಗೋ ಬಾಯಿಗೋ ತಾಗಬೇಕು.

ಯೋಚನೆ ಮಾಡಬೇಕಾದ್ದು ಈ ಸಂದರ್ಭಗಳಲ್ಲಿ. ಕಚ್ಚಿದ್ದು ಗೊತ್ತಿದೆ. ಬರಿಗೈಲಿ ಹಿಡಿಯೋಕೆ ಹೋಗಿ ಪರಚ್ಕೊಂಡಿದ್ದೀರ. ಇಲ್ಲಾಂದ್ರೆ, ಕಚ್ಚಿತೋ ಇಲ್ವೋ ಹೇಳೋಕಾಗದವರು ಆ ರೂಮಲ್ಲಿದ್ರು. ಕೊನೇದು ನಮ್ಮ ಓದುಗರ ಮನೆ ಕೇಸು. ಪುಟಾಣಿ ಬಾವಲಿ ಹಲ್ಲು ಸೂಜಿ ಮೊನೆ ಇದ್ದಂಗೆ ಇರುತ್ತೆ. ಕಚ್ಚಿದ್ರೂ ಸೊಳ್ಳೆ ಕಚ್ಚಿದಷ್ಟು ಗುರುತು ಇರಬಹುದು, ಕೆಲವು ಸಲ ಕಾಣಿಸೋದೇ ಇಲ್ಲ. ದೊಡ್ಡೋರಾದ್ರೆ ಚುರುಕ್ ಅಂತ ಎದ್ದುಬಿಡ್ತಾರೆ. ಕೂಸು, ಹಾಸಿಗೆ ಹಿಡಿದ ಅಜ್ಜ, ಬುದ್ಧಿಮಾಂದ್ಯ ಇರೋರು, ಕುಡಿದು ಮಲಗಿದವರು ಹೇಳಲ್ಲ. ಇಂಥೋರು ಮಲಗಿದ್ದ ರೂಮಲ್ಲಿ ಬಾವಲಿ ಸಿಕ್ಕಿದ್ರೆ ಮೈಯೆಲ್ಲ ಬೆಳಕಲ್ಲಿ ನೋಡಿ, ಮುಖ, ಕಿವಿ, ಬೆರಳ ಸಂದಿ ಬಿಡದೆ. ಗುರುತು ಕಾಣದಿದ್ರೂ ಡಾಕ್ಟರಿಗೆ ತೋರಿಸಿ.

ಬಾವಲಿನ ಹೊರಗೆ ಕಳಿಸೋದು ಹೇಗೆ

ಮೊದಲ ಕೆಲಸ ಫ್ಯಾನ್ ಆಫ್ ಮಾಡೋದು. ಇದನ್ನ ಯಾರೂ ಯೋಚಿಸಲ್ಲ. ಫ್ಯಾನಿಗೆ ಬಡಿದು ಗಾಯ ಆಗಿ ಕೆಳಗೆ ಬಿದ್ದ ಬಾವಲಿನೇ ಕಚ್ಚೋದು. ಮಕ್ಕಳನ್ನ, ನಾಯಿ ಬೆಕ್ಕನ್ನ ಬೇರೆ ರೂಮಿಗೆ ಕಳಿಸಿ ಬಾಗಿಲು ಹಾಕಿ. ಹೊರಗಿನ ಬಾಗಿಲು, ಕಿಟಕಿ ಪೂರ್ತಿ ತೆಗೀರಿ. ಒಳಗಿನ ಲೈಟ್ ಆರಿಸಿ, ಗೋಡೆ ಪಕ್ಕ ಸುಮ್ನೆ ನಿಂತ್ಕೊಳ್ಳಿ. ಹತ್ತು ಹದಿನೈದು ನಿಮಿಷದಲ್ಲಿ ತಾನೇ ದಾರಿ ಹುಡುಕ್ಕೊಂಡು ಹೋಗುತ್ತೆ. ನಮ್ಮವರು ಮಾಡೋದು ಇದಕ್ಕೆ ಉಲ್ಟಾ. ಎಲ್ಲಾ ಲೈಟ್ ಹಾಕಿ, ಬಾಗಿಲು ಮುಚ್ಚಿ, ನಾಲ್ಕು ಜನ ಪೊರಕೆ, ಟವಲ್ ಹಿಡ್ಕೊಂಡು ಬೀಸ್ತಾರೆ. ಬಾವಲಿಗೂ ಗಾಬರಿ, ಮನೆಯವರಿಗೂ ಗಾಬರಿ.

ಹೋಗದೆ ಪರದೆ ಮೇಲೋ ಗೋಡೆ ಮೇಲೋ ಕೂತುಬಿಟ್ರೆ, ದಪ್ಪ ಗ್ಲೌಸ್ ಇಲ್ಲಾ ನಾಲ್ಕು ಮಡಿಕೆ ಗೋಣಿಚೀಲ ಕೈಗೆ ಸುತ್ಕೊಳ್ಳಿ. ಒಂದು ಪ್ಲಾಸ್ಟಿಕ್ ಡಬ್ಬ ಅದರ ಮೇಲೆ ನಿಧಾನಕ್ಕೆ ಕವುಚಿ. ಗೋಡೆಗೂ ಡಬ್ಬಕ್ಕೂ ಮಧ್ಯೆ ಒಂದು ರಟ್ಟು ತೂರಿಸಿ. ಹೊರಗೆ ತಗೊಂಡು ಹೋಗಿ ಮರದ ಕಾಂಡಕ್ಕೋ ಕಾಂಪೌಂಡ್ ಮೇಲೋ ಬಿಡಿ. ನೆಲಕ್ಕೆ ಬಿಟ್ರೆ ಬಹಳ ಬಾವಲಿಗಳಿಗೆ ಮೇಲೇಳೋಕೆ ಕಷ್ಟ, ಬೆಕ್ಕಿನ ಬಾಯಿಗೆ ಹೋಗುತ್ತೆ. ಹಗಲು ಹೊತ್ತಲ್ಲಿ ನೆಲದ ಮೇಲೆ ತೆವಳ್ತಿರೋ, ಹಾರೋಕಾಗದ ಬಾವಲಿ ಕಂಡ್ರೆ ಮುಟ್ಟಲೇಬೇಡಿ. ಅದಕ್ಕೆ ಏನೋ ಆಗಿರುತ್ತೆ, ಏನು ಅಂತ ನಮಗೆ ಗೊತ್ತಿರಲ್ಲ. ಸ್ಕೂಲಿಗೆ ಹೋಗೋ ಹುಡುಗರಿಗೆ ಇದನ್ನ ಹೇಳಿಕೊಡಿ, ರೆಕ್ಕೆ ಹಿಡಿದು ಫೋಟೊ ತೆಗೆಸ್ಕೊಳ್ಳೋದು ಅವರೇ.

ಯಾರಿಗಾದ್ರೂ ಕಚ್ಚಿದ್ರೆ ಆ ಬಾವಲಿನ ಬಿಡಬೇಡಿ. ಅದೇ ಡಬ್ಬದಲ್ಲಿ ಮುಚ್ಚಿಟ್ಟು ಮೇಲೆ ಕಲ್ಲಿಡಿ. ಸತ್ತಿದ್ರೆ ತಿಪ್ಪೆಗೆ ಎಸೀಬೇಡಿ, ಸುಡಬೇಡಿ. ರೇಬೀಸ್ ಇದೆಯಾ ಅಂತ ನೋಡೋದು ಮೆದುಳಿನಲ್ಲಿ. ತಲೆ ಜಜ್ಜಿ ಹೋಗಿದ್ರೆ ಪರೀಕ್ಷೆ ಮಾಡೋಕೆ ಏನೂ ಉಳಿಯಲ್ಲ. ಕೈಗೆ ಕವರ್ ಹಾಕ್ಕೊಂಡು ಎತ್ತಿ, ಎರಡು ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ, ಐಸ್ ಹಾಕಿದ ಡಬ್ಬದಲ್ಲಿಟ್ಟು ಪಶು ಆಸ್ಪತ್ರೆಗೆ ತಿಳಿಸಿ. ಪಶುಪಾಲನಾ ಇಲಾಖೆ ಸಹಾಯವಾಣಿ 1962. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೇಬೀಸ್ ಪರೀಕ್ಷೆ ಲ್ಯಾಬ್ ಇದೆ, ಕೋಲಾರದಿಂದ ಎರಡು ಗಂಟೆ ದಾರಿ. ಆದ್ರೆ ರಿಪೋರ್ಟ್ ಬರಲಿ ಅಂತ ಇಂಜೆಕ್ಷನ್ ಮುಂದಕ್ಕೆ ಹಾಕೋದು ಬೇಡ.

ನಮ್ಮ ಓದುಗರ ಮನೇಲಿ ಆಗಿದ್ದು ಇದೇ ತಪ್ಪು. ಅಜ್ಜಿ ಪೊರಕೇಲಿ ಹೊಡೆದು ಕೊಂದು, ತಿಪ್ಪೆಗೆ ಎಸೆದುಬಿಟ್ಟಿದ್ರು. ಮಧ್ಯಾಹ್ನ ಹುಡುಕೋಕೆ ಹೋದ್ರೆ ನಾಯಿ ಎಳ್ಕೊಂಡು ಹೋಗಿತ್ತು.

ಗಾಯಕ್ಕೆ ಸೋಪು, ನೀರು, 15 ನಿಮಿಷ

ಬಾವಲಿ ಇರಲಿ, ನಾಯಿ ಇರಲಿ, ಬೆಕ್ಕಿರಲಿ, ಮೊದಲು ಮಾಡೋದು ಒಂದೇ. ನಲ್ಲಿ ಕೆಳಗೆ ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೀಬೇಕು. ಬಟ್ಟೆ ಸೋಪಾದ್ರೂ ಆಗುತ್ತೆ. 15 ನಿಮಿಷ ಅಂದ್ರೆ ಮೊಬೈಲಲ್ಲಿ ನೋಡ್ಕೊಂಡು 15 ನಿಮಿಷ, ಎರಡು ಸಲ ಉಜ್ಜಿ ಬಿಡೋದಲ್ಲ. ರೇಬೀಸ್ ವೈರಸ್ ಮೇಲೆ ಕೊಬ್ಬಿನ ಪದರ ಇರುತ್ತೆ, ಸೋಪು ಅದನ್ನ ಒಡೆದು ಹಾಕುತ್ತೆ. ಆಮೇಲೆ ಬೆಟಡಿನ್ ಥರದ ಔಷಧಿ ಇದ್ರೆ ಹಚ್ಚಿ. ಅರಿಶಿನ, ಸುಣ್ಣ, ಕಾಫಿಪುಡಿ, ಸೀಮೆಎಣ್ಣೆ, ಸೊಪ್ಪಿನ ರಸ ಯಾವುದೂ ಬೇಡ. ನಾನು ಆರನೇ ಕ್ಲಾಸಲ್ಲಿದ್ದಾಗ ನಾಯಿ ಕಚ್ಚಿದ್ದಕ್ಕೆ ನಮ್ಮಜ್ಜಿ ಮೆಣಸಿನಪುಡಿ ಮೆತ್ತಿದ್ರು. ನಾಯಿ ಕಚ್ಚಿದ ನೋವು ಮರೆತಿದೆ, ಮೆಣಸಿನಪುಡಿದು ಮರೆತಿಲ್ಲ. ಗಾಯಕ್ಕೆ ಬಿಗಿಯಾಗಿ ಬಟ್ಟೆ ಕಟ್ಟೋದೂ ಬೇಡ, ಹೊಲಿಗೆಯನ್ನೂ ಆದಷ್ಟು ಹಾಕಿಸಬಾರದು.

ಇನ್ನು ಇಂಜೆಕ್ಷನ್. ಹೊಕ್ಕಳ ಸುತ್ತ 14 ಚುಚ್ತಾರೆ ಅನ್ನೋ ಭಯ ಹಳ್ಳಿಗಳಲ್ಲಿ ಇನ್ನೂ ಇದೆ. ಆ ಹಳೇ ಲಸಿಕೆ ನಿಂತು ಇಪ್ಪತ್ತು ವರ್ಷ ಆಯ್ತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಚರ್ಮದ ಒಳಪದರಕ್ಕೆ ಕೊಡ್ತಾರೆ. ಒಂದೊಂದು ಸಲ ಎರಡೂ ತೋಳಿಗೆ 0.1 ಎಂಎಲ್. ಮೊದಲ ದಿನವನ್ನ 0 ಅಂತ ಲೆಕ್ಕ ಹಿಡಿದು 0, 3, 7, 28ನೇ ದಿನ, ಒಟ್ಟು ನಾಲ್ಕು ಸಲ. ಪ್ರೈವೇಟ್‌ನಲ್ಲಿ ಹೆಚ್ಚಾಗಿ ಮಾಂಸಖಂಡಕ್ಕೆ ಕೊಡ್ತಾರೆ. ಅದು 0, 3, 7, 14, 28, ಐದು ಸಲ. ‘ಐದು ಇಂಜೆಕ್ಷನ್’ ಅಂದಿದ್ದು ಅದಕ್ಕೇ. ಎರಡೂ ಸರಿ. ಪುಟ್ಟ ಮಕ್ಕಳಿಗೆ ತೋಳಿನ ಬದಲು ತೊಡೆಗೆ ಕೊಡ್ತಾರೆ. ಸೊಂಟದ ಹಿಂಭಾಗಕ್ಕೆ ಈ ಲಸಿಕೆ ಕೊಡಬಾರದು. ಗರ್ಭಿಣಿಯರಿಗೂ, ಹಾಲುಣಿಸೋ ತಾಯಂದಿರಿಗೂ ಕೊಡಬಹುದು.

ಲಸಿಕೆ ಕೆಲಸ ಶುರು ಮಾಡೋಕೆ ದಿನಗಳು ಬೇಕು. ಆ ಮಧ್ಯೆ ಕಾಯೋಕೆ ಸೀರಂ, ಅಂದ್ರೆ ಇಮ್ಯುನೊಗ್ಲಾಬ್ಯುಲಿನ್. ಇದನ್ನ ಗಾಯದ ಒಳಗೆ, ಸುತ್ತ ಚುಚ್ತಾರೆ. ಡೋಸ್ ತೂಕದ ಮೇಲೆ ಹೋಗುತ್ತೆ. ಕುದುರೆ ಸೀರಂ ಆದ್ರೆ ಕೆಜಿಗೆ 40 ಯುನಿಟ್, ಮನುಷ್ಯರದ್ದಾದ್ರೆ 20. ಇದು ಎಲ್ಲಾ ಪಿಎಚ್‌ಸಿಲಿ ಸಿಗಲ್ಲ. ಹೋಗೋಕೆ ಮುಂಚೆ ಆಶಾ ಕಾರ್ಯಕರ್ತೆಯರ ಹತ್ರ ಇಲ್ಲಾ 104ಕ್ಕೆ ಫೋನ್ ಮಾಡಿ ವಿಚಾರಿಸಿ, ಇಲ್ಲಾಂದ್ರೆ ಮಗುನ ಎತ್ಕೊಂಡು ಬಸ್ಸಲ್ಲಿ ಮೂರು ಕಡೆ ಅಲೆಯೋದಾಗುತ್ತೆ. ಮೊದಲ ಲಸಿಕೆ ದಿನ ಸೀರಂ ಸಿಗದಿದ್ರೆ ಲಸಿಕೆ ನಿಲ್ಲಿಸಬೇಡಿ. ಮೊದಲ ಲಸಿಕೆಯಿಂದ ಏಳು ದಿನದ ಒಳಗೆ ಸೀರಂ ಕೊಡಿಸಬಹುದು. ಸರ್ಕಾರಿ ಆಸ್ಪತ್ರೇಲಿ ರೇಬೀಸ್ ಲಸಿಕೆಗೆ ದುಡ್ಡಿಲ್ಲ. ಮುಂಚೆ ಪೂರ್ತಿ ಕೋರ್ಸ್ ತಗೊಂಡವರಿಗೆ ಸೀರಂ ಬೇಕಿಲ್ಲ, 0 ಮತ್ತು 3ನೇ ದಿನ ಎರಡೇ ಡೋಸ್ ಸಾಕು. ಅದಕ್ಕೆ ಹಳೇ ಚೀಟಿ ಎತ್ತಿಡಿ.

‘ಮೂರು ದಿನ ಆಗೋಯ್ತು, ಇನ್ನೇನು ಪ್ರಯೋಜನ’ ಅಂತ ಸುಮ್ಮನಾಗೋರು ಇದ್ದಾರೆ. ರೇಬೀಸ್ ಲಕ್ಷಣ ಕಾಣಿಸ್ಕೊಳ್ಳೋಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು, ಕೆಲವರಿಗೆ ವಾರದಲ್ಲೇ, ಕೆಲವರಿಗೆ ವರ್ಷದ ಮೇಲೆ. ತಡ ಆಗಿದ್ರೂ ಹೋಗಿ. ಡಾಕ್ಟರ ಹತ್ರ ‘ಏನೋ ಹುಳ ಕಚ್ತು’ ಅನ್ನಬೇಡಿ. ಬಾವಲಿ, ಯಾವ ದಿನ, ಎಲ್ಲಿ ತಾಗ್ತು, ಯಾರು ಮಲಗಿದ್ರು, ಬಾವಲಿ ಏನಾಯ್ತು, ಇಷ್ಟನ್ನ ಹೇಳಿ. ಬೇಡ ಅಂದ್ರೆ ಯಾಕೆ ಬೇಡ ಅಂತ ಚೀಟೀಲಿ ಬರೆಸ್ಕೊಳ್ಳಿ. ಬರೆಯೋ ಮುಂಚೆ ಅವರೂ ಇನ್ನೊಂದು ಸಲ ಯೋಚನೆ ಮಾಡ್ತಾರೆ.

ಹಾಗಂತ ಮರ ಕಡೀಬೇಡಿ

ಇದನ್ನ ಓದಿ ಯಾರೋ ಆಲದ ಮರಕ್ಕೆ ಬೆಂಕಿ ಇಡೋಕೆ, ಪಟಾಕಿ ಹೊಡೆಯೋಕೆ ಹೋಗ್ತಾರೆ ಅಂತ ನನಗೆ ಭಯ. ಚೆದುರಿಸಿದ್ರೆ ಬಾವಲಿ ಊರೆಲ್ಲ ಹರಡುತ್ತೆ, ಮನೆಗಳಿಗೆ ನುಗ್ಗೋದು ಜಾಸ್ತಿ ಆಗುತ್ತೆ. ಪುಟಾಣಿ ಬಾವಲಿ ರಾತ್ರಿಯಿಡೀ ತಿನ್ನೋದು ಹುಳ, ಸೊಳ್ಳೆ. ಹಿಪ್ಪೆ ಮರದ ಬೀಜ ಹರಡೋದು ಹಣ್ಣಿನ ಬಾವಲಿ. 1972ರ ವನ್ಯಜೀವಿ ಕಾಯ್ದೇಲಿ ಹಣ್ಣಿನ ಬಾವಲಿಯನ್ನ ಕಾಗೆ, ಇಲಿ ಜೊತೆ ಉಪದ್ರವಿ ಪ್ರಾಣಿಗಳ ಪಟ್ಟಿಗೆ ಹಾಕಿದ್ರು, 2022ರ ತಿದ್ದುಪಡಿಯಲ್ಲಿ ಆ ಪಟ್ಟಿನೇ ಹೋಯ್ತು. ಇನ್ನೊಂದು ವಿಷಯ ನಮ್ಮ ಜಿಲ್ಲೆಯ ಬಹಳ ಜನಕ್ಕೆ ಗೊತ್ತಿಲ್ಲ. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಒಂದು ಬಾವಲಿ, ಕೋಲಾರದ ಹೆಸರೇ ಇರೋ ಎಲೆಮೂಗಿನ ಬಾವಲಿ, ಈಗ ಉಳಿದಿರೋದು ನಮ್ಮ ಹನುಮನಹಳ್ಳಿ ಗುಹೇಲಿ ಮಾತ್ರ. ಅಂದಾಜು ಇನ್ನೂರರ ಒಳಗೆ. ಹುಲಿಗಿಂತ ಕಡಿಮೆ.

ಮನೆಗೆ ಬರದ ಹಾಗೆ ಮಾಡೋದು ಕಷ್ಟ ಏನಲ್ಲ. ಸಂಜೆ ಕತ್ತಲಾಗೋ ಹೊತ್ತಿಗೆ ಹೊರಗೆ ನಿಂತು ಯಾವ ಸಂದಿಯಿಂದ ಹಾರಿ ಹೋಗ್ತಾವೆ ನೋಡಿ. ಎಲ್ಲಾ ಹೋದ್ಮೇಲೆ ಮೆಶ್ ಇಲ್ಲಾ ಸಿಮೆಂಟ್ ಹಾಕಿ ಮುಚ್ಚಿ. ಹೆಬ್ಬೆರಳು ತೂರೋಷ್ಟು ಸಂದಿ ಇದ್ರೂ ಪುಟಾಣಿ ಬಾವಲಿಗೆ ಸಾಕು. ಒಳಗೆ ಹಾರೋಕೆ ಬಾರದ ಮರಿ ಇದ್ರೆ ಅವು ಬೆಳೆಯೋ ತನಕ ಮುಚ್ಚಬೇಡಿ, ಒಳಗೇ ಸತ್ತು ನಾರುತ್ತೆ. ಬಾಳೆಗೊನೆ ಹಜಾರದಲ್ಲಿ ನೇತುಹಾಕೋದು ಬಿಡಿ. ಮಗು ಮಲಗೋ ಕಡೆ ಸೊಳ್ಳೆಪರದೆ ಕಟ್ಟಿ, ಅದು ಸೊಳ್ಳೆಗೂ ಆಯ್ತು, ಬಾವಲಿಗೂ ಆಯ್ತು.

ಆ ಎಂಟು ತಿಂಗಳ ಮಗುವಿನ ವಿಷಯ. ಮೈಮೇಲೆ ಗುರುತು ಸಿಗಲಿಲ್ಲ. ಬಾವಲಿನೂ ಪರೀಕ್ಷೆಗೆ ಸಿಗಲಿಲ್ಲ. ತಾಯಿ ಮಾರನೇ ದಿನ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿ, ಮಗು ಮಲಗಿದ್ದ ಜಾಗ, ಬಾವಲಿ ಬಿದ್ದಿದ್ದ ಜಾಗ ಎಲ್ಲಾ ಹೇಳಿದ್ರು. ಅಲ್ಲಿನ ಡಾಕ್ಟರು ಎಲ್ಲಾ ಕೇಳಿಸ್ಕೊಂಡು ಲಸಿಕೆ ಶುರು ಮಾಡಿದ್ರು, ದುಡ್ಡು ತಗೊಳ್ಲಿಲ್ಲ. ನಿನ್ನೆ ಫೋನ್ ಮಾಡಿದಾಗ ಎರಡು ಸಲ ಆಗಿತ್ತು, ಮೂರನೇದು ಬರೋ ಸೋಮವಾರ. ಮಗು ಆರಾಮಾಗಿದೆ, ಇಂಜೆಕ್ಷನ್ ದಿನ ಮಾತ್ರ ಸಂಜೆ ತನಕ ಅಳುತ್ತೆ ಅಂದ್ರು. ಅಜ್ಜಿ ಮಾತ್ರ ಪೊರಕೆ ಬಾಗಿಲ ಪಕ್ಕದಲ್ಲೇ ಇಟ್ಕೊಂಡಿದ್ದಾರಂತೆ.